ಮನೆತನದಲ್ಲಿ ಬೈಪೋಲಾರ್ ಇದೆ, ಆದರೆ ಆ ಒಂದು ಜೀನ್ ಎಲ್ಲಿ?

ಕುದುರೆ ಗಾಡಿಯನ್ನು ಮಿತಿಮೀರಿ ಜೋರಾಗಿ ಓಡಿಸುವುದು. ಸಾರ್ವಜನಿಕ ಫೋನಿಗೆ ಪದೇ ಪದೇ ಎಡತಾಕುವುದು. ಸಮುದಾಯ ಬೇಡವೆಂದ ಯಂತ್ರವನ್ನು ಕೊಂಡು ತರುವುದು. ಕಾಲವಲ್ಲದ ಕಾಲದಲ್ಲಿ ಪ್ರವಾಸಕ್ಕೆ ಹೊರಡುವ ಯೋಜನೆ ಹಾಕುವುದು. ಇವೆಲ್ಲ ಮೇನಿಯಾದ ಲಕ್ಷಣಗಳು ಎಂದು ಜಾನಿಸ್ ಎಗ್‌ಲ್ಯಾಂಡ್ ಎಂಬ ಅಮೆರಿಕದ ಸಂಶೋಧಕಿ ಗುರುತು ಹಾಕಿಕೊಂಡಿದ್ದರು. ಬೇರೆ ಕಡೆ ಇದರಲ್ಲಿ ಕಾಯಿಲೆ ಏನಿದೆ ಅನಿಸಬಹುದು. ಆದರೆ ಇದು ಪೆನ್ಸಿಲ್ವೇನಿಯಾ ರಾಜ್ಯದ ಆಮಿಶ್ ಸಮುದಾಯದ ಮಾತು. ಕಾರು ಇಟ್ಟುಕೊಳ್ಳದೆ, ತಗ್ಗಿದ ದನಿಯಲ್ಲಿ, ಕಟ್ಟುಪಾಡಿನಲ್ಲಿ ಬದುಕುವ ಜನ ಅವರು. ಅಲ್ಲಿ ಯಾರಾದರೂ ಹೀಗೆ ಆಡತೊಡಗಿದರೆ ನೆರೆಹೊರೆಯವರಿಗೆ ಆ ಕ್ಷಣವೇ ಗೊತ್ತಾಗುತ್ತಿತ್ತು. ಇದು ರಕ್ತದಲ್ಲೇ ಬಂದದ್ದು ಎಂದು ಅವರೇ ಹೇಳುತ್ತಿದ್ದರು.

ಬೈಪೋಲಾರ್ ಕಾಯಿಲೆಯ ಮೂಲವನ್ನು ಕುಟುಂಬಗಳಲ್ಲಿ ಹುಡುಕಿದ ಕಥೆಯಲ್ಲಿ ಈ ಆಮಿಶ್ ಅಧ್ಯಾಯಕ್ಕೆ ದೊಡ್ಡ ಜಾಗವಿದೆ. ಅದು ಗೆದ್ದದ್ದಕ್ಕಲ್ಲ, ಸೋತ ರೀತಿಗೆ. ಆ ಸೋಲನ್ನು ಸರಿಯಾಗಿ ಓದಿಕೊಂಡರೆ ಈ ಕಾಯಿಲೆ ವಂಶದಲ್ಲಿ ಹೇಗೆ ಹರಿಯುತ್ತದೆ ಎಂಬುದರ ಅರ್ಧ ಪಾಠ ಅಲ್ಲೇ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮೊದಲು ಕಾಯಿಲೆ ಏನೆಂದು ನೋಡೋಣ. ಬೈಪೋಲಾರ್ ಇರುವವರ ಮನಸ್ಸು ಎರಡು ತುದಿಗಳಿಗೆ ಹೋಗಿ ಬರುತ್ತದೆ. ಒಂದು ತುದಿಯಲ್ಲಿ ಮೇನಿಯಾ. ನಿದ್ದೆಯೇ ಬೇಡ, ಮಾತು ನಿಲ್ಲುವುದಿಲ್ಲ, ತಲೆಯಲ್ಲಿ ಸಾವಿರ ಯೋಜನೆ, ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಇನ್ನೊಂದು ತುದಿಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಹಾಸಿಗೆ ಬಿಟ್ಟೇಳಲಾಗದಂಥ ಖಿನ್ನತೆ. ತೀವ್ರ ಮೇನಿಯಾ ಬರುವ ಮೊದಲ ಬಗೆಯ ಬೈಪೋಲಾರ್ ಸುಮಾರು ನೂರಕ್ಕೆ ಒಬ್ಬರಲ್ಲಿ ಕಾಣುತ್ತದೆ. ಸಾಮಾನ್ಯವಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ ಶುರುವಾಗುತ್ತದೆ, ಆದರೆ ಎಷ್ಟೋ ಜನರಿಗೆ ಇನ್ನೂ ತಡವಾಗಿ ಬರುತ್ತದೆ. ಈ ತಡದ ವಿಷಯ ನೆನಪಿನಲ್ಲಿರಲಿ, ಮುಂದೆ ಅದೇ ಕೈಕೊಡುತ್ತದೆ.

ಇದು ಮನೆತನದಲ್ಲಿ ಗುಂಪಾಗಿ ಕಾಣಿಸಿಕೊಳ್ಳುತ್ತದೆ ಎಂಬುದು ವೈದ್ಯರಿಗೆ ನೂರು ವರ್ಷಕ್ಕೂ ಹಿಂದಿನಿಂದ ಗೊತ್ತು. 1899ರಲ್ಲಿ ಜರ್ಮನಿಯ ಎಮಿಲ್ ಕ್ರೆಪೆಲಿನ್ ಈ ಕಾಯಿಲೆಯನ್ನು ಈಗ ಸ್ಕಿಜೋಫ್ರೇನಿಯಾ ಎನ್ನುವ, ಭ್ರಮೆಗಳು ಕಾಡುವ ಕಾಯಿಲೆಯಿಂದ ಬೇರೆಯಾಗಿಟ್ಟರು. ಅವರೂ ರೋಗಿಗಳ ಮನೆತನದ ಇತಿಹಾಸ ಕೇಳಿ ಬರೆದುಕೊಳ್ಳುತ್ತಿದ್ದರು. ಗೊತ್ತಿಲ್ಲದೇ ಇದ್ದದ್ದು, ಯಾವ ಜೀನ್ ಎಂಬುದು.

1983ರಲ್ಲಿ ಒಂದು ದೊಡ್ಡ ಸುದ್ದಿ ಬಂತು. ವೆನೆಜುವೆಲಾದ ಮರಕೈಬೊ ಸರೋವರದ ದಡದ ಕುಟುಂಬಗಳ ರಕ್ತದ ನೆರವಿನಿಂದ ಒಂದೇ ಜೀನ್ ಕೆಟ್ಟು ಮಿದುಳನ್ನು ಹಾಳು ಮಾಡುವ ಹಂಟಿಂಗ್ಟನ್ ಕಾಯಿಲೆಯ ಜೀನ್ 4ನೇ ಕ್ರೋಮೋಸೋಮ್‌ನಲ್ಲಿದೆ ಎಂದು ಪತ್ತೆಯಾಯಿತು. ವಿಧಾನ ಸರಳ. ಒಂದು ದೊಡ್ಡ ಮನೆತನ ಹಿಡಿಯಿರಿ. ಯಾರಿಗೆ ಕಾಯಿಲೆ ಇದೆ, ಯಾರಿಗಿಲ್ಲ ಗುರುತು ಹಾಕಿ. ಡಿಎನ್‌ಎಯ ಯಾವ ತುಂಡು ಕಾಯಿಲೆಯ ಜೊತೆ ಜೊತೆಗೇ ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿದೆ ನೋಡಿ. ಜೀನ್ ಆ ತುಂಡಿನ ಹತ್ತಿರವೇ ಎಲ್ಲೋ ಇರಬೇಕು. ಹಂಟಿಂಗ್ಟನ್‌ಗೆ ಆದದ್ದು ಬೈಪೋಲಾರ್‌ಗೆ ಯಾಕಾಗಬಾರದು?

ಅದಕ್ಕೆ ಆಮಿಶ್ ಮನೆತನಗಳು ಹೇಳಿ ಮಾಡಿಸಿದಂತಿದ್ದವು. 18ನೇ ಶತಮಾನದಲ್ಲಿ ಯುರೋಪಿನಿಂದ ಬಂದ ಕೆಲವೇ ಜನರಿಂದ ಬೆಳೆದ ಸಮುದಾಯ. ಮಕ್ಕಳು ಜಾಸ್ತಿ. ಊರು ಬಿಡುವವರು ಕಡಿಮೆ. ವಂಶಾವಳಿ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಾರೆ. ಕುಡಿತ, ಡ್ರಗ್ಸ್ ಅಪರೂಪ, ಹಾಗಾಗಿ ಅವುಗಳ ಗಲಾಟೆಯಲ್ಲಿ ಕಾಯಿಲೆ ಮರೆಯಾಗುವ ಭಯವಿಲ್ಲ. ಎಗ್‌ಲ್ಯಾಂಡ್ 1976ರಲ್ಲಿ ಈ ಅಧ್ಯಯನ ಶುರು ಮಾಡಿದರು. ರೋಗಿ ಯಾವ ಮನೆಯವರು, ಹಿಂದೆ ವೈದ್ಯರು ಏನು ಹೇಳಿದ್ದರು ಎಂಬುದನ್ನು ಮುಚ್ಚಿಟ್ಟು, ಬರೀ ಲಕ್ಷಣಗಳ ದಾಖಲೆಯನ್ನಷ್ಟೇ ಮನೋವೈದ್ಯರ ತಂಡದ ಮುಂದಿಡುತ್ತಿದ್ದರು. ಆ ಕಾಲಕ್ಕೆ ಇಷ್ಟು ಎಚ್ಚರಿಕೆಯ ಕೆಲಸ ಅಪರೂಪ. ಹೀಗೆ ನೋಡಿದಾಗ, ಹಿಂದೆ ಸ್ಕಿಜೋಫ್ರೇನಿಯಾ ಎಂದು ಚೀಟಿ ಬರೆಸಿಕೊಂಡಿದ್ದ ಹೆಚ್ಚಿನವರಿಗೆ ನಿಜಕ್ಕೂ ಇದ್ದದ್ದು ಬೈಪೋಲಾರ್ ಎಂದು ತಿಳಿಯಿತು.

1987ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟವಾಯಿತು. ಸುಮಾರು 80 ಜನರ ಒಂದು ಆಮಿಶ್ ಮನೆತನದಲ್ಲಿ ಕಾಯಿಲೆ 11ನೇ ಕ್ರೋಮೋಸೋಮ್‌ನ ಚಿಕ್ಕ ತೋಳಿನ ತುದಿಯ ಜೊತೆ ಸಾಗುತ್ತಿತ್ತು. ಅದೇ ಜಾಗದ ಹತ್ತಿರ ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮಿನ್ ಎಂಬ ರಾಸಾಯನಿಕದ ತಯಾರಿಕೆಗೆ ಬೇಕಾದ ಒಂದು ಜೀನ್ ಕೂಡ ಇದೆ! ಇನ್ನೇನು ಬೇಕು? ಪತ್ರಿಕೆಗಳು ಕುಣಿದಾಡಿದವು. ಆದರೆ ನೇಚರ್‌ನ ಅದೇ ಸಂಚಿಕೆಯಲ್ಲಿ ಇನ್ನೂ ಎರಡು ವರದಿಗಳಿದ್ದವು. ಐಸ್‌ಲ್ಯಾಂಡಿನ ಕುಟುಂಬಗಳಲ್ಲಿ, ಅಮೆರಿಕದ ಬೇರೆ ಕುಟುಂಬಗಳಲ್ಲಿ ಹುಡುಕಿದವರಿಗೆ ಅಲ್ಲಿ ಏನೂ ಸಿಕ್ಕಿರಲಿಲ್ಲ. ಅವು ಸುದ್ದಿಯಾಗಲಿಲ್ಲ.

ಎರಡೇ ವರ್ಷ. 1989ರಲ್ಲಿ ಅದೇ ನೇಚರ್‌ನಲ್ಲಿ ಅದೇ ಮನೆತನದ ಮರುಪರಿಶೀಲನೆ ಬಂತು. 11ನೇ ಕ್ರೋಮೋಸೋಮ್‌ನ ಕಥೆ ಕುಸಿದುಬಿತ್ತು.

ಏನಾಗಿತ್ತು ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ಬಗೆಯ ಅಧ್ಯಯನದಲ್ಲಿ ಸಾಕ್ಷ್ಯವನ್ನು ಲಾಡ್ ಸ್ಕೋರ್ ಎಂಬ ಅಂಕದಲ್ಲಿ ಅಳೆಯುತ್ತಾರೆ. 3 ಬಂದರೆ, ಡಿಎನ್‌ಎಯ ಆ ತುಂಡಿನ ಗುರುತೂ ಕಾಯಿಲೆಯೂ ನಿಜಕ್ಕೂ ಜೋಡಿಯಾಗಿ ಸಾಗುತ್ತಿವೆ ಎಂಬುದಕ್ಕೆ ಸಾಕ್ಷ್ಯ 1000ಕ್ಕೆ 1ರಷ್ಟು ಪರವಾಗಿದೆ ಎಂದರ್ಥ. ಆಮಿಶ್ ಅಧ್ಯಯನದಲ್ಲಿ ಬಂದದ್ದು 4ಕ್ಕಿಂತ ಜಾಸ್ತಿ, ಅಂದರೆ 10,000ಕ್ಕೆ 1ನ್ನೂ ಮೀರಿದ ಲೆಕ್ಕ. ನೋಡಿದರೆ ಬಂಡೆಯಂಥ ಸಾಕ್ಷ್ಯ. ಆದರೆ ಈ ಅಂಕದಲ್ಲಿ ಕಾಯಿಲೆ ಇರುವವರಷ್ಟೇ ಅಲ್ಲ, ಆರೋಗ್ಯವಾಗಿರುವವರೂ ಸಾಕ್ಷಿಗಳು. ಗುರುತು ಇಲ್ಲ, ಕಾಯಿಲೆಯೂ ಇಲ್ಲ ಎಂಬ ವ್ಯಕ್ತಿ ಅಂಕವನ್ನು ಮೇಲಕ್ಕೆ ತಳ್ಳುತ್ತಾರೆ. ನಾಳೆ ಅದೇ ವ್ಯಕ್ತಿ ಕಾಯಿಲೆ ಬಿದ್ದರೆ? ನಿನ್ನೆಯ ಪರ ಸಾಕ್ಷಿ ಇವತ್ತು ವಿರುದ್ಧ ಸಾಕ್ಷಿ. ಆದದ್ದು ಅದೇ. ಮೊದಲ ಎಣಿಕೆಯಲ್ಲಿ ಆರೋಗ್ಯವಂತರ ಪಟ್ಟಿಯಲ್ಲಿದ್ದ ಇಬ್ಬರು ಆಮೇಲೆ ಕಾಯಿಲೆ ಬಿದ್ದರು. ಅಷ್ಟಕ್ಕೇ ಅಂಕ ಧಡಕ್ಕನೆ ಇಳಿಯಿತು. ಮನೆತನದ ಇನ್ನೊಂದು ಕವಲಿನ ಜನರನ್ನು ಸೇರಿಸಿದಾಗ ಉಳಿದದ್ದೂ ಹೋಯಿತು.

ಯಾರೂ ಮೋಸ ಮಾಡಿರಲಿಲ್ಲ. ಲೆಕ್ಕವೂ ತಪ್ಪಿರಲಿಲ್ಲ. ಇಬ್ಬರ ಆರೋಗ್ಯದ ಮೇಲೆ ನಿಂತ ತೀರ್ಮಾನವದು, ಆ ಇಬ್ಬರಿಗೆ ಇನ್ನೂ ಕಾಯಿಲೆ ಬರುವ ವಯಸ್ಸು ಕಳೆದಿರಲಿಲ್ಲ, ಅಷ್ಟೇ. ಅದೇ 1987ರಲ್ಲಿ ಇಸ್ರೇಲಿನ ಕೆಲವು ಕುಟುಂಬಗಳನ್ನು ನೋಡಿ ಮೂಲ ಎಕ್ಸ್ ಕ್ರೋಮೋಸೋಮ್‌ನಲ್ಲಿದೆ ಎಂದು ಇನ್ನೊಂದು ತಂಡ ಸಾರಿತ್ತು. 1993ರ ಹೊತ್ತಿಗೆ ಅದೇ ತಂಡ ಆ ಮಾತನ್ನು ಬಹುಪಾಲು ಹಿಂದಕ್ಕೆ ಪಡೆಯಬೇಕಾಯಿತು.

ಹಾಗಾದರೆ ಕುಟುಂಬದಲ್ಲಿ ಹುಡುಕುವುದೇ ತಪ್ಪೇ? ಇಲ್ಲ. ತಪ್ಪಿದ್ದು, ಒಂದು ಮನೆತನಕ್ಕೆ ಒಂದು ಜೀನ್ ಎಂದು ಮೊದಲೇ ಅಂದುಕೊಂಡದ್ದರಲ್ಲಿ. ಒಂದೇ ಮನೆಯಲ್ಲಿ ನಾಲ್ವರಿಗೆ ಬೈಪೋಲಾರ್ ಇದ್ದರೆ ನಾಲ್ವರಿಗೂ ಒಂದೇ ದಾರಿಯಿಂದ ಬಂತು ಎನ್ನುವ ಹಾಗಿಲ್ಲ. ಅಜ್ಜನ ಕಡೆಯಿಂದ ಕೆಲವು ಅಂಶ, ಸೊಸೆಯಾಗಿ ಬಂದವಳ ಕಡೆಯಿಂದ ಇನ್ನು ಕೆಲವು. ಬೇರೆ ಬೇರೆ ಕವಲುಗಳಲ್ಲಿ ಬೇರೆ ಬೇರೆ ಬೆರಕೆ. ಇಪ್ಪತ್ತೈದು ವರ್ಷಗಳ ನಂತರ, 2014ರಲ್ಲಿ, ಆಮಿಶ್ ಕುಟುಂಬಗಳ ಪೂರ್ತಿ ಜಿನೋಮ್, ಅಂದರೆ ಇಡೀ ಡಿಎನ್‌ಎ, ಓದಿ ನೋಡಿದ ತಂಡಕ್ಕೂ ಎಲ್ಲ ರೋಗಿಗಳಲ್ಲಿ ಸಾಮಾನ್ಯವಾದ ಒಂದು ಜಾಗ ಸಿಗಲಿಲ್ಲ. ಹೊರಗಿನವರ ರಕ್ತ ಅಷ್ಟು ಕಡಿಮೆ ಬೆರೆತ ಸಮುದಾಯದಲ್ಲೇ ಹೀಗಿದ್ದರೆ ಉಳಿದ ಕಡೆ ಏನು ಕಥೆ, ಅಲ್ವಾ?

ಸ್ಕಾಟ್ಲೆಂಡಿನ ಒಂದು ಕುಟುಂಬದ ಉದಾಹರಣೆ ಇನ್ನೂ ವಿಚಿತ್ರ. ಇಲ್ಲಿ ನಿಜಕ್ಕೂ ಒಂದೇ ದೋಷವಿತ್ತು. 1ನೇ ಮತ್ತು 11ನೇ ಕ್ರೋಮೋಸೋಮ್‌ಗಳು ಮುರಿದು ಒಂದರ ತುಂಡು ಇನ್ನೊಂದಕ್ಕೆ ಅಂಟಿಕೊಂಡಿದ್ದವು. ಆ ಮುರಿತ ತಲೆಮಾರುಗಳಿಂದ ಹರಿದು ಬಂದಿತ್ತು. 2001ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಮುರಿತ ಇದ್ದ 29 ಜನರಲ್ಲಿ 7 ಮಂದಿಗೆ ಸ್ಕಿಜೋಫ್ರೇನಿಯಾ, ಒಬ್ಬರಿಗೆ ಬೈಪೋಲಾರ್, 10 ಮಂದಿಗೆ ಮರುಕಳಿಸುವ ಖಿನ್ನತೆ. ಉಳಿದ 11 ಮಂದಿಗೆ ಈ ಮೂರರಲ್ಲಿ ಯಾವುದೂ ಇಲ್ಲ! ಮುರಿತ ಒಂದೇ, ಮನೆ ಒಂದೇ, ಆದರೆ ವೈದ್ಯರ ಚೀಟಿಯಲ್ಲಿ ಮೂರು ಬೇರೆ ಕಾಯಿಲೆಗಳು. ಮುರಿದ ಜಾಗದಲ್ಲಿದ್ದ ಜೀನ್‌ಗೆ ಡಿಸ್ಕ್1 ಎಂದು ಹೆಸರಿಟ್ಟು ವರ್ಷಗಟ್ಟಲೆ ಕೆಲಸ ಮಾಡಿದರು. ಆ ಕುಟುಂಬದ ಹೊರಗೆ, ಸಾವಿರಾರು ರೋಗಿಗಳ ಡಿಎನ್‌ಎ ನೋಡಿದಾಗ, ಅದಕ್ಕೆ ಅಷ್ಟೇನೂ ಪಾತ್ರ ಕಾಣಲಿಲ್ಲ.

ಕ್ರೆಪೆಲಿನ್ ಎಳೆದ ಗೆರೆಯನ್ನು ಜೀನ್‌ಗಳು ಅಷ್ಟಾಗಿ ಲೆಕ್ಕಕ್ಕಿಟ್ಟುಕೊಂಡಿಲ್ಲ ಎಂಬುದು ಆಮೇಲೆ ದೊಡ್ಡ ಪ್ರಮಾಣದಲ್ಲೂ ಸಾಬೀತಾಯಿತು. 2009ರಲ್ಲಿ ಸ್ವೀಡನ್‌ನ 20 ಲಕ್ಷ ಕುಟುಂಬಗಳ ದಾಖಲೆ ತೆಗೆದು ನೋಡಿದಾಗ, ಒಬ್ಬರಿಗೆ ಸ್ಕಿಜೋಫ್ರೇನಿಯಾ ಇದ್ದರೆ ಅವರ ಒಡಹುಟ್ಟಿದವರಲ್ಲಿ, ಮಕ್ಕಳಲ್ಲಿ ಬೈಪೋಲಾರ್ ಕೂಡ ಜಾಸ್ತಿ ಕಂಡಿತು. ಈಗ ಡಿಎನ್‌ಎ ಮಟ್ಟದಲ್ಲೂ ಅದು ಕಾಣುತ್ತದೆ. ಮೊದಲ ಬಗೆಯ ಬೈಪೋಲಾರ್ ಸ್ಕಿಜೋಫ್ರೇನಿಯಾಕ್ಕೆ ಹತ್ತಿರ. ಮೇನಿಯಾ ಹಗುರವಾಗಿರುವ ಎರಡನೇ ಬಗೆ ಖಿನ್ನತೆಗೆ ಹತ್ತಿರ.

2000ದ ನಂತರ ಹುಡುಕಾಟ ತಿರುವು ತೆಗೆದುಕೊಂಡಿತು. ಒಂದು ಮನೆತನದ ಎಂಬತ್ತು ಜನರನ್ನು ಬಿಟ್ಟು, ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಸಾವಿರಾರು ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿ ನೋಡತೊಡಗಿದರು. 2007ರಲ್ಲಿ ಬ್ರಿಟನ್‌ನಲ್ಲಿ ಸುಮಾರು 2,000 ರೋಗಿಗಳಿಂದ ಶುರುವಾದ ಈ ದಾರಿ 2021ರಲ್ಲಿ ಸುಮಾರು 42,000 ರೋಗಿಗಳಿಗೂ ಜಿನೋಮ್‌ನ 64 ಜಾಗಗಳಿಗೂ ಬಂತು. 2025ರ ಆರಂಭದಲ್ಲಿ ನೇಚರ್‌ನಲ್ಲಿ ಬಂದ ಅಧ್ಯಯನದಲ್ಲಿ ರೋಗಿಗಳು 1,58,000ಕ್ಕೂ ಜಾಸ್ತಿ, ಹೋಲಿಕೆಗೆ ಇಟ್ಟುಕೊಂಡವರು ಸುಮಾರು 28 ಲಕ್ಷ. ಸಿಕ್ಕಿದ ಜಾಗಗಳು 298.

ಒಂದು ಜೀನ್ ಹುಡುಕಲು ಹೊರಟವರಿಗೆ 298 ಜಾಗ ಸಿಕ್ಕಿತು. ಇದರಲ್ಲಿ ಒಂದೊಂದರ ಪ್ರಭಾವವೂ ತೀರಾ ಸಣ್ಣದು. ಡಿಎನ್‌ಎಯ ಒಂದು ಅಕ್ಷರ ಬದಲಾದರೆ ಅಪಾಯ ಶೇ. 5ರಷ್ಟೋ 10ರಷ್ಟೋ ಹೆಚ್ಚಬಹುದು, ಅದೂ ಮೊದಲೇ ಕಡಿಮೆ ಇರುವ ಅಪಾಯದ ಮೇಲೆ. ಈ ಅಕ್ಷರಗಳು ಕಾಯಿಲೆ ಇಲ್ಲದ ಕೋಟ್ಯಂತರ ಜನರಲ್ಲೂ ಇವೆ. ಹನಿ ಹನಿ ಕೂಡಿದರೆ ಹಳ್ಳ ಅಂತಾರಲ್ಲ, ಹಾಗೆ. ಯಾವ ಹನಿಯಿಂದ ಹಳ್ಳ ತುಂಬಿತು ಎಂದು ಕೇಳಿದರೆ ಉತ್ತರವಿಲ್ಲ.

ಇಲ್ಲಿ ಜನ ತುಂಬಾ ತಪ್ಪು ತಿಳಿಯುವ ಒಂದು ಅಂಕಿಯ ಬಗ್ಗೆ ಹೇಳಲೇಬೇಕು. ಬೈಪೋಲಾರ್‌ನ ಆನುವಂಶಿಕತೆ ಶೇ. 60ರಿಂದ 85 ಎಂದು ಎಲ್ಲೆಡೆ ಬರೆಯುತ್ತಾರೆ. ಅದನ್ನು ಓದಿದ ತಾಯಿಯೊಬ್ಬಳು ನನಗಿದೆ, ಹಾಗಾಗಿ ನನ್ನ ಮಗುವಿಗೆ ಬರುವ ಸಾಧ್ಯತೆ ಶೇ. 80 ಎಂದುಕೊಂಡರೆ ಆಶ್ಚರ್ಯವಿಲ್ಲ. ಆದರೆ ಅದು ಹಾಗಲ್ಲವೇ ಅಲ್ಲ. ಜನಸಮೂಹದಲ್ಲಿ ಒಬ್ಬರಿಗೆ ಕಾಯಿಲೆ ಬಂದು ಇನ್ನೊಬ್ಬರಿಗೆ ಬಾರದೇ ಇರುವ ವ್ಯತ್ಯಾಸದಲ್ಲಿ ಎಷ್ಟು ಪಾಲನ್ನು ಜೀನ್‌ಗಳ ವ್ಯತ್ಯಾಸದಿಂದ ವಿವರಿಸಬಹುದು ಎಂಬುದಷ್ಟೇ ಆ ಅಂಕಿ. ಒಬ್ಬ ವ್ಯಕ್ತಿಯ ಭವಿಷ್ಯದ ಬಗ್ಗೆ ಅದು ಏನೂ ಹೇಳುವುದಿಲ್ಲ. ಆನುವಂಶಿಕತೆ ಶೇ. 85 ಎಂದು ಲೆಕ್ಕ ಹಾಕಿದ 2003ರ ಬ್ರಿಟಿಷ್ ಅವಳಿ ಅಧ್ಯಯನವನ್ನೇ ತೆಗೆದುಕೊಳ್ಳಿ. ಅದರಲ್ಲಿ ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಕಾಯಿಲೆ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ಸುಮಾರು ಶೇ. 40ರಷ್ಟು ಜೋಡಿಗಳಲ್ಲಿ. ಡಿಎನ್‌ಎ ಒಂದೇ ಆದರೂ ಅರ್ಧಕ್ಕಿಂತ ಜಾಸ್ತಿ ಜನ ಪಾರಾಗಿದ್ದರು.

ಮಕ್ಕಳ ವಿಷಯಕ್ಕೆ ನೇರವಾದ ಲೆಕ್ಕ ಡೆನ್ಮಾರ್ಕಿನಿಂದ ಬಂದಿದೆ. ಅಲ್ಲಿ ಇಡೀ ದೇಶದ ಮನೋವೈದ್ಯಕೀಯ ದಾಖಲಾತಿ ಒಂದೇ ಕಡೆ ಇದೆ. 2010ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಅಪ್ಪ ಅಮ್ಮ ಇಬ್ಬರಿಗೂ ಬೈಪೋಲಾರ್ ಇಲ್ಲದಿದ್ದರೆ ಮಕ್ಕಳಿಗೆ ಬಂದದ್ದು ಶೇ. 0.48. ಒಬ್ಬರಿಗಿದ್ದರೆ ಶೇ. 4.4. ಇಬ್ಬರಿಗೂ ಇದ್ದರೆ ಶೇ. 24.9. ಮೊದಲ ಎರಡನ್ನು ಹೋಲಿಸಿ ಒಂಬತ್ತು ಪಟ್ಟು ಅಪಾಯ ಎಂದು ತಲೆಬರಹ ಬರೆಯಬಹುದು. ನೂರರಲ್ಲಿ 95 ಮಕ್ಕಳಿಗೆ ಬರಲಿಲ್ಲ ಎಂದೂ ಬರೆಯಬಹುದು. ಎರಡೂ ನಿಜ, ಓದುವವರ ನಿದ್ದೆಯ ಮೇಲೆ ಆಗುವ ಪರಿಣಾಮ ಮಾತ್ರ ಬೇರೆ. ಆಸ್ಪತ್ರೆಯ ದಾಖಲೆಗೆ ಸಿಕ್ಕವರ ಲೆಕ್ಕ ಇದು, ಹಾಗಾಗಿ ನಿಜವಾದ ಸಂಖ್ಯೆ ಸ್ವಲ್ಪ ಹೆಚ್ಚಿರಬಹುದು. ಖಿನ್ನತೆಯಂಥ ಬೇರೆ ತೊಂದರೆಗಳೂ ಇದರಲ್ಲಿ ಸೇರಿಲ್ಲ.

ದೊಡ್ಡ ಸಂಖ್ಯೆಗಳ ಕಾಲ ಬಂದ ಮೇಲೆ ಕುಟುಂಬಗಳ ಕೆಲಸ ಮುಗಿಯಿತು ಎಂದು ಕೆಲವರು ಅಂದುಕೊಂಡರು. ನನಗೆ ಹಾಗನ್ನಿಸುವುದಿಲ್ಲ. 298 ಜಾಗಗಳ ಪಟ್ಟಿ ಎಲ್ಲಿ ನೋಡಬೇಕು ಎಂದು ಹೇಳುತ್ತದೆ. ಆ ಜಾಗಗಳು ಒಬ್ಬ ಮನುಷ್ಯನ ಒಳಗೆ ಏನು ಮಾಡುತ್ತವೆ, ಅಣ್ಣನಿಗೆ ಬಂದದ್ದು ತಂಗಿಗೆ ಯಾಕೆ ಬರಲಿಲ್ಲ ಎಂಬುದಕ್ಕೆ ಮತ್ತೆ ಮನೆಗೇ ಬರಬೇಕು. ಸ್ಪೇನಿನ ಆಂಡಲೂಸಿಯಾದ ಕುಟುಂಬಗಳ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಕಾಯಿಲೆ ತುಂಬಿದ ಮನೆಗಳಲ್ಲಿ ಯಾವುದೋ ಅಪರೂಪದ, ಭಾರಿ ಜೀನ್ ಇರಬೇಕು ಎಂದು ಎಲ್ಲರ ಊಹೆ. ಆದರೆ ಆ ಮನೆಗಳಲ್ಲಿ ಎದ್ದು ಕಂಡದ್ದು ಅವೇ ಸಾಮಾನ್ಯ, ಸಣ್ಣ ಸಣ್ಣ ಬದಲಾವಣೆಗಳು, ಆದರೆ ಉಳಿದವರಿಗಿಂತ ಜಾಸ್ತಿ ಪ್ರಮಾಣದಲ್ಲಿ.

ಹಾಗೆಂದು ಭಾರಿ ಪ್ರಭಾವದ ಜೀನ್‌ಗಳು ಇಲ್ಲವೇ ಇಲ್ಲ ಎಂದಲ್ಲ. 2022ರಲ್ಲಿ ಸುಮಾರು 14,000 ರೋಗಿಗಳ ಜೀನ್‌ಗಳನ್ನು ಅಕ್ಷರ ಅಕ್ಷರ ಓದಿ, ಸ್ಕಿಜೋಫ್ರೇನಿಯಾದ ಮಾಹಿತಿಯನ್ನೂ ಕೂಡಿಸಿದಾಗ ಎಕೆಎಪಿ11 ಎಂಬ ಜೀನ್ ಮೇಲೆದ್ದು ಬಂತು. ಇದು ಕೆಟ್ಟರೆ ಅಪಾಯ ಸುಮಾರು 7 ಪಟ್ಟು. ತೀರಾ ಅಪರೂಪ, ಸಾವಿರಾರು ರೋಗಿಗಳಲ್ಲಿ ಬೆರಳೆಣಿಕೆಯವರಲ್ಲಿ ಮಾತ್ರ ಕಾಣುತ್ತದೆ. ಆದರೂ ಇದು ಕುತೂಹಲ ಹುಟ್ಟಿಸಲು ಕಾರಣವಿದೆ. ಈ ಜೀನ್‌ನ ಪ್ರೋಟೀನ್ ಅಂಟಿಕೊಳ್ಳುವ ಕಿಣ್ವಗಳಲ್ಲಿ ಒಂದಾದ ಜಿಎಸ್‌ಕೆ3, ಬೈಪೋಲಾರ್‌ನ ಹಳೆಯ ಔಷಧ ಲಿಥಿಯಂ ತಡೆಯುತ್ತದೆ ಎನ್ನಲಾದ ಕಿಣ್ವವೇ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಲಿಥಿಯಂ ಮೇನಿಯಾವನ್ನು ತಣಿಸುತ್ತದೆ ಎಂದು ಕಂಡುಕೊಂಡದ್ದು ಬಹುಮಟ್ಟಿಗೆ ಅದೃಷ್ಟದಿಂದ. ಯಾಕೆ ತಣಿಸುತ್ತದೆ ಎಂಬುದಕ್ಕೆ ಇಷ್ಟು ವರ್ಷಗಳ ಮೇಲೆ ಜೀನ್ ಕಡೆಯಿಂದ ಒಂದು ಸುಳಿವು.

ಲಿಥಿಯಂ ಎಲ್ಲರಿಗೂ ನಾಟುವುದಿಲ್ಲ. ನಾಟುವ ಗುಣವೂ ಮನೆತನದಲ್ಲಿ ಹರಿಯುತ್ತದೆ ಎಂಬುದು ಬಹಳ ದಿನದ ಅನುಭವ. 2015ರಲ್ಲಿ ಒಂದು ತಂಡ ರೋಗಿಗಳ ಚರ್ಮದ ಕೋಶಗಳನ್ನು ಕಾಂಡಕೋಶಗಳಾಗಿ ತಿರುಗಿಸಿ, ಅವುಗಳಿಂದ ನರಕೋಶ ಬೆಳೆಸಿತು. ಬೈಪೋಲಾರ್ ಇದ್ದವರ ನರಕೋಶಗಳು ಗಾಜಿನ ತಟ್ಟೆಯಲ್ಲೂ ಅತಿಯಾಗಿ ಚುರುಕಾಗಿದ್ದವು. ಲಿಥಿಯಂ ಹಾಕಿದಾಗ, ನಿಜಜೀವನದಲ್ಲಿ ಲಿಥಿಯಂ ನಾಟಿದವರ ಕೋಶಗಳು ಮಾತ್ರ ಶಾಂತವಾದವು. ಅಧ್ಯಯನ ಚಿಕ್ಕದು, ಆದರೆ ದಾರಿ ಸರಿಯಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಸೇರಿ ನಡೆಸುವ ಅಧ್ಯಯನವೂ ಇದೇ ದಾರಿಯದು. ಒಬ್ಬರಿಗಿಂತ ಜಾಸ್ತಿ ಜನರಿಗೆ ಬೈಪೋಲಾರ್, ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇರುವ ಕುಟುಂಬಗಳನ್ನು ಹಿಡಿದು, ಕಾಯಿಲೆ ಇರುವವರ ಜೊತೆಗೆ ಅದೇ ಮನೆಯ ಆರೋಗ್ಯವಂತರ ಕೋಶಗಳನ್ನೂ ಬೆಳೆಸಿ ಹೋಲಿಸುತ್ತಾರೆ. ಅಣ್ಣ ತಂಗಿಯ ಡಿಎನ್‌ಎಯಲ್ಲಿ ಅರ್ಧದಷ್ಟು ಒಂದೇ ಆಗಿರುವುದರಿಂದ ವ್ಯತ್ಯಾಸ ಹುಡುಕುವುದು ಸುಲಭ. ಇಂಥ ಕೆಲಸಕ್ಕೆ ಇನ್ನೊಂದು ಕಾರಣಕ್ಕೂ ಬೆಲೆ ಇದೆ. 298 ಜಾಗಗಳ ಆ ದೊಡ್ಡ ಅಧ್ಯಯನದಲ್ಲಿ ಬಹುಪಾಲು ಜನ ಯುರೋಪ್ ಮೂಲದವರು. ಪೂರ್ವ ಏಷ್ಯಾ, ಆಫ್ರಿಕನ್ ಅಮೆರಿಕನ್, ಲ್ಯಾಟಿನೊ ಗುಂಪುಗಳಿದ್ದವು, ದಕ್ಷಿಣ ಏಷ್ಯಾದ ಪ್ರತ್ಯೇಕ ಗುಂಪು ಇರಲಿಲ್ಲ.

ಈಗ ಮಾರುಕಟ್ಟೆಯ ಮಾತು. ಸಣ್ಣ ಸಣ್ಣ ಬದಲಾವಣೆಗಳನ್ನೆಲ್ಲ ಕೂಡಿಸಿ ಒಂದು ಅಂಕ ಕೊಡುವ ಲೆಕ್ಕ ಬಂದಿದೆ. ಅದನ್ನು ತೋರಿಸಿ ಐವಿಎಫ್ ಭ್ರೂಣಗಳಲ್ಲಿ ಕಡಿಮೆ ಅಪಾಯದ್ದನ್ನು ಆರಿಸಿಕೊಡುತ್ತೇವೆ ಎನ್ನುವ ಕಂಪನಿಗಳು ಅಮೆರಿಕದಲ್ಲಿವೆ. ಬೈಪೋಲಾರ್ ವಿಷಯದಲ್ಲಿ ಈ ಅಂಕ ಜನರ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ. 5ರಷ್ಟನ್ನು ಮಾತ್ರ ವಿವರಿಸುತ್ತದೆ, ಯುರೋಪ್ ಮೂಲದವರಲ್ಲದಿದ್ದರೆ ಅದಕ್ಕಿಂತಲೂ ಕಡಿಮೆ. ಸಂಶೋಧನೆಗೆ ಒಳ್ಳೆಯ ಸಾಧನ. ಒಂದು ಮಗುವಿನ ಭವಿಷ್ಯ ಹೇಳಲು ಸುಮ್ನೆ ದುಡ್ಡು ದಂಡ ಎಂಬುದು ನನ್ನ ಮಾತು. ಇನ್ನೊಂದು ತೊಡಕೂ ಇದೆ. ಐಸ್‌ಲ್ಯಾಂಡಿನಲ್ಲಿ 2015ರಲ್ಲಿ ನೋಡಿದಾಗ, ನಟರು, ಸಂಗೀತಗಾರರು, ಬರಹಗಾರರ ಸಂಘಗಳ ಸದಸ್ಯರಲ್ಲಿ ಬೈಪೋಲಾರ್‌ನ ಈ ಅಂಕ ಸರಾಸರಿಗಿಂತ ಸ್ವಲ್ಪ ಜಾಸ್ತಿ ಇತ್ತು. ವ್ಯತ್ಯಾಸ ತೀರಾ ಚಿಕ್ಕದು, ಕಾಯಿಲೆಗೆ ಕಲೆಯ ಕಿರೀಟ ತೊಡಿಸುವಷ್ಟು ದೊಡ್ಡದಲ್ಲ. ಆದರೆ ಒಂದನ್ನು ಜರಡಿ ಹಿಡಿದು ತೆಗೆಯುವಾಗ ಜೊತೆಗೆ ಏನು ಹೋಗುತ್ತದೆ ಎಂದು ಆ ಕಂಪನಿಗಳಿಗೂ ಗೊತ್ತಿಲ್ಲ.

ಈ ಹೊತ್ತಿಗೆ ಬೈಪೋಲಾರ್ ಇದೆಯೋ ಇಲ್ಲವೋ ಹೇಳುವ ಡಿಎನ್‌ಎ ಪರೀಕ್ಷೆ ಯಾವುದೂ ಇಲ್ಲ. ಕುಟುಂಬದ ಇತಿಹಾಸ ಮಾತ್ರ ಚಿಕಿತ್ಸೆಯಲ್ಲಿ ದಿನವೂ ಕೆಲಸಕ್ಕೆ ಬರುತ್ತಿದೆ. ಬೈಪೋಲಾರ್ ಎಷ್ಟೋ ಸಲ ಮೊದಲು ಬರೀ ಖಿನ್ನತೆಯಾಗಿ ಕಾಣಿಸಿಕೊಳ್ಳುತ್ತದೆ. ಮೇನಿಯಾ ಬರುವುದು ವರ್ಷಗಳ ನಂತರ. ಹತ್ತೊಂಬತ್ತರ ಹುಡುಗನೊಬ್ಬ ಖಿನ್ನತೆ ಎಂದು ಬಂದಾಗ, ಮನೆಯಲ್ಲಿ ಯಾರಾದರೂ ದಿನಗಟ್ಟಲೆ ನಿದ್ದೆಯಿಲ್ಲದೆ ಓಡಾಡಿದ್ದುಂಟೇ, ಇದ್ದಕ್ಕಿದ್ದಂತೆ ಆಸ್ತಿ ಮಾರಿದ್ದುಂಟೇ, ಯಾರಾದರೂ ಲಿಥಿಯಂ ತೆಗೆದುಕೊಂಡು ಸುಧಾರಿಸಿದ್ದುಂಟೇ ಎಂದು ವೈದ್ಯರು ಕೇಳುವುದು ಇದಕ್ಕೇ. ಉತ್ತರ ಹೌದು ಎಂದಾದರೆ ಬರೀ ಖಿನ್ನತೆಯ ಮಾತ್ರೆ ಬರೆದುಕೊಡಲು ಅವರು ಹಿಂಜರಿಯುತ್ತಾರೆ, ಏಕೆಂದರೆ ಬೈಪೋಲಾರ್ ಇರುವವರಲ್ಲಿ ಆ ಮಾತ್ರೆ ಒಂಟಿಯಾಗಿ ಕೊಟ್ಟರೆ ಮೇನಿಯಾ ಕೆರಳಬಹುದು. ಚಿಕ್ಕಪ್ಪನ ಬಗ್ಗೆ ಮನೆಯವರು ಮುಚ್ಚಿಟ್ಟರೆ ವೈದ್ಯರ ಕೈಗೆ ಆ ಮಾಹಿತಿ ಬೇರೆ ಯಾವ ಲ್ಯಾಬ್‌ನಿಂದಲೂ ಬರುವುದಿಲ್ಲ.